ಅಂಕಿ ಸಿಕ್ಕಿತು, ದ್ರಾವಣ ಯಾವುದು?

ನಮ್ಮ ಬೆಳ್ತಂಗಡಿ ಕಡೆಯ ಹಿರಿಯರು ಗದ್ದೆಗಳನ್ನು ಮೂರು ಹೆಸರಿನಲ್ಲಿ ಕರೆಯುತ್ತಾರೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮೇಲೆ ಮಳೆಯನ್ನೇ ನಂಬಿದ್ದು ಬೆಟ್ಟು. ಈಗ ಹಲವು ಕಡೆ ಗದ್ದೆ ಹೋಗಿ ಅಡಿಕೆ ತೋಟ ಬಂದಿದೆ, ಗುಡ್ಡೆಯಲ್ಲಿ ರಬ್ಬರ್ ಎದ್ದಿದೆ. ಬೆಳೆ ಬದಲಾದ ಮಾತ್ರಕ್ಕೆ ಮಣ್ಣು ಒಂದೇ ಆಗ್ತದಾ? ಇಲ್ಲ. ಆದರೆ ಮಣ್ಣು ಪರೀಕ್ಷೆಯ ಕಾಗದದಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಕರಗಿ ಹೋಗುವುದುಂಟು.

2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಒಳ್ಳೆಯದೇ. ಪಿಎಚ್, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್ ತನಕ 12 ಅಂಶಗಳು ಅದರಲ್ಲಿವೆ. ಆದರೆ ಅದರ ಮೊದಲ ನಿಯಮದಂತೆ ನೀರಾವರಿ ಜಾಗದಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಜಾಗದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಎರಡೂವರೆ ಹೆಕ್ಟೇರ್ ಎಂದರೆ ಆರು ಎಕರೆ. ಬಯಲುಸೀಮೆಗೆ ಸರಿ ಇರಬಹುದು. ನಮ್ಮಲ್ಲಿ ಆರು ಎಕರೆಯೊಳಗೆ ಮುರಕಲ್ಲಿನ ಗುಡ್ಡೆ, ಇಳಿಜಾರು, ತೋಡಿನ ಬದಿಯ ಬೈಲು ಎಲ್ಲವೂ ಉಂಟು ಮಾರಾಯ್ರೆ!

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. 'ರಂಜಕ ಇಷ್ಟು' ಎಂದು ಕಾರ್ಡ್ ಹೇಳುವಾಗ ಅದು ಮಣ್ಣಿನಲ್ಲಿರುವ ಒಟ್ಟು ರಂಜಕವಲ್ಲ; ಒಂದು ನಿರ್ದಿಷ್ಟ ದ್ರಾವಣ ಹಾಕಿ ಕುಲುಕಿದಾಗ ಕಳಚಿಕೊಂಡು ಬಂದಷ್ಟು ಮಾತ್ರ. ದ್ರಾವಣ ಬದಲಾದರೆ ಅಂಕಿಯೂ ಬದಲಾಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಜಾಸ್ತಿ. ಅವು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬ್ರೇ ಮತ್ತು ಕರ್ಟ್ಜ್ 1945ರಲ್ಲಿ ಕೊಟ್ಟ ದ್ರಾವಣದಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಅಮೋನಿಯಂ ಫ್ಲೋರೈಡ್ ಇದೆ. ಫ್ಲೋರೈಡ್ ಅಲ್ಯುಮಿನಿಯಂ ಅನ್ನು ತಾನು ಹಿಡಿದು ರಂಜಕವನ್ನು ಬಿಡಿಸುತ್ತದೆ. ಹಾಗಾಗಿ ಹುಳಿ ಮಣ್ಣಿಗೆ ಇದು ಹೊಂದುತ್ತದೆ. ಓಲ್ಸನ್ 1954ರಲ್ಲಿ ಕೊಟ್ಟದ್ದು ಪಿಎಚ್ 8.5ರ ಸೋಡಿಯಂ ಬೈಕಾರ್ಬೊನೇಟ್, ಅದು ಸುಣ್ಣದ ಅಂಶವಿರುವ ಮಣ್ಣನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂದರ ಅಂಕಿಯನ್ನು ಇನ್ನೊಂದರ 'ಕಡಿಮೆ–ಮಧ್ಯಮ–ಹೆಚ್ಚು' ಪಟ್ಟಿಗೆ ಹಚ್ಚಿದರೆ ರೈತ ಬೇಡದ ಗೊಬ್ಬರಕ್ಕೆ ದುಡ್ಡು ಸುರಿಯುತ್ತಾನೆ, ಇಲ್ಲವೇ ಬೇಕಾದ್ದನ್ನು ಹಾಕದೆ ಬಿಡುತ್ತಾನೆ.

ತಾಮ್ರದ ಕಥೆಯೂ ನೋಡಿ. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ಮದ್ದು ಬಿಡುತ್ತೇವೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗೆ ತೊಳೆದು ಬಿದ್ದ ತಾಮ್ರ ಎಲೆಗೊಬ್ಬರದ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆ ತೋಟದ ಮಣ್ಣು, ಪಕ್ಕದ ಗುಡ್ಡೆಯ ಮಣ್ಣು ಕಣ್ಣಿಗೆ ಒಂದೇ ಕೆಂಪು. ಡಿಟಿಪಿಎ ದ್ರಾವಣದಲ್ಲಿ ಎರಡು ಗಂಟೆ ಕುಲುಕಿ ಸೋಸಿದರೆ ಎರಡೂ ಬೇರೆ ಎಂದು ತಾಮ್ರವೇ ಹೇಳುತ್ತದೆ. ಮೈಲುತುತ್ತಿಗೆ ಎಷ್ಟು ವರ್ಷಗಳ ಲೆಕ್ಕ ಮಣ್ಣಿನಲ್ಲಿ ಕೂತಿದೆ ಎಂದು ತಿಳಿಯಬೇಡವೇ?

ಇದಕ್ಕೂ ಇಂಜಿನಿಯರಿಂಗ್ ಕಾಲೇಜಿಗೂ ಏನು ಸಂಬಂಧ ಅಂತ ಕೇಳ್ತೀರಾ? ನಮ್ಮ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ನೆನಪು ಮಾಡಿಕೊಳ್ಳಿ. ಕಲರಿಮೀಟರಿನಲ್ಲಿ ತಾಮ್ರ ಅಳೆದಿದ್ದೇವೆ. ಡೈಕ್ರೋಮೇಟ್, ಎಫ್‌ಎಎಸ್ ಹಿಡಿದು ಟೈಟ್ರೇಶನ್ ಮಾಡಿದ್ದೇವೆ. ಸಾವಯವ ಇಂಗಾಲ ಅಳೆಯುವ ವಾಕ್ಲಿ–ಬ್ಲ್ಯಾಕ್ ವಿಧಾನದಲ್ಲಿ ಇರುವುದೂ ಅವೇ ಎರಡು. ಫ್ಲೇಮ್ ಫೋಟೋಮೀಟರಿನಲ್ಲಿ ಸೋಡಿಯಂ ನೋಡಿದ್ದೇವೆ. ಪೊಟ್ಯಾಸಿಯಂ ನೋಡುವುದೂ ಅದರಲ್ಲೇ. ಉಪಕರಣ ಉಂಟು, ಕೈಗೆ ಅಭ್ಯಾಸ ಉಂಟು. ಇಲ್ಲದ್ದು ಗೇಟಿನ ಹೊರಗಿನ ಮಣ್ಣು ಮಾತ್ರ. ಬಾಟಲಿಯಲ್ಲಿ ಬಂದ 'ಅನ್‌ನೋನ್' ದ್ರಾವಣದ ಬದಲು ಬೈಲು, ಮಜಲು, ಬೆಟ್ಟಿನ ಒಂದೊಂದು ಹಿಡಿ ಮಣ್ಣು ಕೊಟ್ಟು 'ಬೇರೆ ಬೇರೆ ಹೌದೋ ಅಲ್ಲವೋ, ತೋರಿಸಿ' ಎಂದರೆ ಅದಕ್ಕಿಂತ ಒಳ್ಳೆಯ ಪ್ರಯೋಗ ಬೇರೆ ಬೇಕೇ?

ವಿದ್ಯಾರ್ಥಿಗಳ ಅಂಕಿ ನಂಬಿ ರೈತ ಕೆಟ್ಟರೆ ಎನ್ನುವ ಆಕ್ಷೇಪ ನ್ಯಾಯವೇ. ಅದಕ್ಕೇ ನಾವು ಗೊಬ್ಬರದ ಸಲಹೆ ಕೊಡಬಾರದು. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಸಾಮಾನ್ಯ ಶಿಫಾರಸನ್ನು ಯಾವ ತೋಟದಲ್ಲಿ ಹೇಗೆ ತಿದ್ದಬೇಕೆಂದು ಹೇಳುವುದಕ್ಕೆ ವಿಟ್ಲದಲ್ಲಿ ಸಿಪಿಸಿಆರ್‌ಐ ಕೇಂದ್ರ ಇದೆ, ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನಮ್ಮ ಕೆಲಸ ಹೋಲಿಕೆ ಮಾತ್ರ: ಈ ಮಣ್ಣನ್ನು ಆ ಮಣ್ಣಿನೊಂದಿಗೆ ಬೆರೆಸಿ ಒಂದೇ ಮಾದರಿ ಮಾಡಬೇಡಿ ಎಂದು ಹೇಳುವಷ್ಟು.

ಆದ್ದರಿಂದ ನಮ್ಮ ಬೇಡಿಕೆ ಎರಡು. ಒಂದು, ಮಣ್ಣಿನ ವರದಿ ಕೊಡುವ ಯಾವ ಲ್ಯಾಬೇ ಆಗಲಿ, ಪ್ರತಿ ಅಂಕಿಯ ಪಕ್ಕ ದ್ರಾವಣದ ಹೆಸರನ್ನು ಕನ್ನಡದಲ್ಲಿ ಬರೆಯಲಿ. ಎರಡು, ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಒಂದು ಲ್ಯಾಬ್ ತರಗತಿ ಊರಿನ ಮಣ್ಣಿಗೆ ಸಿಗಲಿ. ಮನೆಯಲ್ಲಿ ತೋಟ ಇರುವವರು ರಜೆಗೆ ಹೋದಾಗ ಮಣ್ಣು ತನ್ನಿ. ಬೈಲಿನದ್ದು, ಬೆಟ್ಟಿನದ್ದು ಬೇರೆ ಬೇರೆ ತೊಟ್ಟೆಯಲ್ಲಿ, ಹೆಸರು ಬರೆದು.