ಚುಕ್ಕೆಗೆ ಕೊಟ್ಟ ದುಡ್ಡು

ಹೆಬ್ಬೂರಿನ ನಮ್ಮ ಮನೆಯಲ್ಲಿ ಎತ್ತು ಕೊಳ್ಳುವುದೆಂದರೆ ಒಂದು ಸಂಬಂಧ ಕುದುರಿಸಿದಷ್ಟು ಕೆಲಸ. ನಮ್ಮ ಮಾವನವರು ಸಿದ್ಧಗಂಗೆ ಜಾತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊಂಬಿನ ಬಾಗು ನೋಡಿ, ಹಳ್ಳಿಕಾರ್ ಹೌದೋ ಅಲ್ಲವೋ ಎಂದು ಖಾತ್ರಿಯಾದ ಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅಂಥವರ ಮಗ, ನನ್ನ ಮೈದುನ, ಮೂರು ವರ್ಷದ ಹಿಂದೆ ಅರ್ಧ ಗಂಟೆಯಲ್ಲಿ ಒಂದು ಕುದುರೆ ಕೊಂಡು ತಂದ. ಕಾರಣ ಒಂದೇ, ಅದರ ಮೈಮೇಲೆ ಚುಕ್ಕೆಗಳಿದ್ದವು.

"ಅತ್ತಿಗೆ, ಮಾರ್ವಾಡಿ ತಳಿ ಇದು. ನಾಲ್ಕು ವರ್ಷ ತುಂಬಿದೆ. ಸುಳಿನೂ ಚೆನ್ನಾಗಿದೆ. ಮದುವೆ ಮೆರವಣಿಗೆಗೆ ಬಿಟ್ಟರೆ ಒಂದೇ ವರ್ಷಕ್ಕೆ ಅಸಲು ಬರುತ್ತೆ" ಎಂದ. ಬೂದು ಮೈ, ತೊಡೆ ಮತ್ತು ಹೊಟ್ಟೆಯ ಮೇಲೆ ಬೆಳ್ಳಿ ಕಾಸು ಚೆಲ್ಲಿದಂಥ ಚುಕ್ಕೆ. ಚೆಲುವೆಯೇ, ಸುಳ್ಳು ಹೇಳುವುದಿಲ್ಲ. ಆ ಚುಕ್ಕೆಗಾಗಿಯೇ ಮಾರಿದವನು ಹೆಚ್ಚು ದುಡ್ಡು ಕಿತ್ತಿದ್ದ.

ಹಸುವಿಗೆ ಸೂಜಿ ಹಾಕಲು ಬಂದ ಪಶುವೈದ್ಯರು ಅದರ ಬಾಯಿ ಬಿಡಿಸಿ ನೋಡಿ ನಕ್ಕರು. ಕುದುರೆಯ ಮುಂದಿನ ಹಾಲುಹಲ್ಲು ಬಿದ್ದು ಮೊದಲ ಜೋಡಿ ಬಲಿತ ಹಲ್ಲು ಬರುವುದು ಎರಡೂವರೆ ವರ್ಷಕ್ಕೆ, ಎರಡನೆಯದು ಮೂರೂವರೆಗೆ, ಮೂರನೆಯದು ನಾಲ್ಕೂವರೆಗೆ. ನಮ್ಮದಕ್ಕೆ ಮೊದಲ ಜೋಡಿ ಆಗಷ್ಟೇ ಇಣುಕುತ್ತಿತ್ತು. ಸುಳಿ ನೋಡಿದ, ಬಣ್ಣ ನೋಡಿದ. ಎತ್ತಿಗೆ ನೋಡುವ ಹಲ್ಲನ್ನು ಕುದುರೆಗೆ ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ!

ಇನ್ನು ಆ ಚುಕ್ಕೆಯ ಮಾತು. ಚುಕ್ಕೆ ಎಂಬುದು ತಳಿಯಲ್ಲ. ಬೂದು ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ಕೂದಲು ನರೆತು ಬೆಳ್ಳಗಾಗುತ್ತದೆ. ಆ ದಾರಿಯ ನಡುವೆ ಕೆಲವು ವರ್ಷ ಮಾತ್ರ ಕಾಣುವುದು ಈ ಕಾಸಿನಂಥ ಚುಕ್ಕೆ. ಅಂದರೆ ನನ್ನ ಮೈದುನ ದುಡ್ಡು ಕೊಟ್ಟದ್ದು ಹೋಗಲಿರುವ ಬಣ್ಣಕ್ಕೆ. ದೊಡ್ಡ ದೊಡ್ಡ ಬಿಳಿ ಮಚ್ಚೆಯ ಕುದುರೆಗಳು ಬೇರೆ. ಅವುಗಳ ಮಚ್ಚೆ ಉಳಿಯುತ್ತದೆ. ಚಿರತೆಯಂತೆ ಚುಕ್ಕೆಯಿರುವ ಅಮೆರಿಕದ ಅಪಲೂಸಾ ಮತ್ತೂ ಬೇರೆ. ಅದನ್ನು ಸಾಕಿ ಹೆಸರಾದವರು ಅಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ. ಆ ಚುಕ್ಕೆಯ ಗುಣ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮರಿಗೆ ಹುಟ್ಟಿನಿಂದಲೇ ಇರುಳುಗಣ್ಣು. ಚೆಲುವಿಗೆ ಅದು ತೆರುವ ಬೆಲೆ ಅದು.

ಮಾರ್ವಾಡಿಯ ಗುರುತು ಬಣ್ಣವಲ್ಲ, ಕಿವಿ. ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿರುತ್ತದೆ. ಗುಜರಾತಿನ ಕಾಠಿಯಾವಾಡಿಗೂ ಹಾಗೆಯೇ. ನಮ್ಮದರ ಕಿವಿ ನೆಟ್ಟಗೆ ಈಟಿಯಂತಿತ್ತು. ಕಿವಿ ಬಾಗಿದ್ದರೂ ಸಾಲದು; ತಾಯಿ ಯಾರು, ತಂದೆ ಯಾರು ಎಂಬ ಕಾಗದ ಬೇಕು. ನಮ್ಮೂರಿನಿಂದ ಬಸ್ಸು ಹತ್ತಿದರೆ ಸಿಗುವ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಅಲ್ಲಿ ಬೆಳೆದ ರೇಸು ಕುದುರೆಗಳ ತಳಿಗೆ ಇಂಗ್ಲೆಂಡಿನಲ್ಲಿ 1791ರಿಂದ ವಂಶಾವಳಿಯ ಪುಸ್ತಕವಿದೆ. ಇಷ್ಟು ಹತ್ತಿರವಿದ್ದೂ ನಮಗೆ ಕುದುರೆಯೆಂದರೆ ಬಣ್ಣ ಮಾತ್ರ!

"ಹಾಗಾದರೆ ಶುದ್ಧ ತಳಿಯನ್ನೇ ಕೊಳ್ಳಬೇಕೆನ್ನುತ್ತೀರಾ?" ಎಂದು ನೀವು ಕೇಳಬಹುದು. ಇಲ್ಲ. ತಳಿ ಹೇಳುವುದು ಪ್ರಾಣಿಯ ಬೆಲೆಯನ್ನಲ್ಲ, ಅದನ್ನು ಯಾವ ಕೆಲಸಕ್ಕೆ ರೂಪಿಸಿದರು ಎಂಬುದನ್ನು. ರೇಸಿನದು ಓಡಲು, ಮಾರ್ವಾಡಿ ಮರುಭೂಮಿಯ ಯುದ್ಧಕ್ಕೆ, ಹಿಮಾಚಲದ ಸ್ಪಿತಿ ಗುಡ್ಡ ಹತ್ತಿ ಹೊರೆ ಹೊರಲು. ಬ್ಯಾಂಡಿನ ಸದ್ದು, ಪಟಾಕಿಯ ಹೊಗೆಯ ನಡುವೆ ಮದುಮಗನನ್ನು ಹೊತ್ತು ನಿಲ್ಲಲು ಯಾವ ತಳಿಯೂ ಹುಟ್ಟಿಲ್ಲ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯುವುದು ಐದಾರು ವರ್ಷಕ್ಕೆ. ವಯಸ್ಸಿನ ಕಾರಣಕ್ಕೆ ದುಡಿಯಲಾರದ ಪ್ರಾಣಿಯನ್ನು ದುಡಿಸುವುದು ಪ್ರಾಣಿಹಿಂಸೆ ತಡೆಯ 1960ರ ಕಾಯಿದೆಯಂತೆ ಅಪರಾಧ. ಇದನ್ನೇ ಹೇಳಿ ನಾನು ಅಡ್ಡ ನಿಂತೆ. "ಮುಂಗಡ ಇಸ್ಕೊಂಡಿದೀನಿ ಅತ್ತಿಗೆ" ಎಂದ. "ವಾಪಸು ಕೊಟ್ಟು ಬಾರಪ್ಪ" ಎಂದೆ. ಒಂದು ವಾರ ಮನೆಯಲ್ಲಿ ಮಾತಿಲ್ಲ. ದುಡ್ಡು ಕೊಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ಹುರುಳಿ ಬೇಯಿಸುವುದು, ಲದ್ದಿ ಬಾಚುವುದು ಮಾತ್ರ ನನ್ನ ಪಾಲಿಗೆ ಬಂತು. ಮಾತಾಡುವ ಹಕ್ಕು ಅಲ್ಲಿಂದಲೇ ಬಂತು ಎಂದುಕೊಂಡಿದ್ದೇನೆ.

ಬಣ್ಣ ನೋಡಿ, ಸುಳಿ ನೋಡಿ, ಕಾಲ್ಗುಣ ನೋಡಿ ತರುವ ಈ ಚಾಳಿ ನಮಗೆ ಹೊಸದೇನಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತ ನಮಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಾವೇ ಮಗನ ಮದುವೆಗೆ "ಚುಕ್ಕೆ ಕುದುರೆ ಸಿಗುತ್ತಾ? ಬಿಳೀದಾದರೂ ಆಗಬಹುದು" ಎಂದು ಫೋನು ಮಾಡುತ್ತೇವಲ್ಲ! ನಾವು ಕೇಳುವುದರಿಂದಲೇ ಅವರು ಎಳೆಯದನ್ನು ಬಲಿತದ್ದೆಂದು ಮಾರುವುದು.

ನಮ್ಮ ಕುದುರೆಗೆ ಈಗ ಐದು ದಾಟಿದೆ. ಚುಕ್ಕೆಗಳೆಲ್ಲ ಮಾಸಿ ಮೈ ಬೆಳ್ಳಗಾಗುತ್ತಿದೆ. ಮೈದುನನೇ ದಿನಾ ಅದರ ಗೊರಸು ಕೆರೆದು ತೊಳೆಯುತ್ತಾನೆ. ಮುಂದಿನ ಸಲ ನಿಮ್ಮ ಮನೆಯ ಮೆರವಣಿಗೆಗೆ ಕುದುರೆ ಬೇಕೇ ಬೇಕೆಂದು ಗಂಡಸರು ಹಟ ಹಿಡಿದರೆ, ಬಣ್ಣ ಯಾವುದು ಎಂದು ಕೇಳಬೇಡಿ. ಹಲ್ಲೆಷ್ಟು ಎಂದು ಕೇಳಿ.