ಬೆಕ್ಕಿನ ತುರಿಕೆಗೆ ಬೀದಿ ಮದ್ದಲ್ಲ

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಬೆಕ್ಕಿನ ಮೈಯ ಕೂದಲು ಉದುರತೊಡಗಿದರೆ ಸಾಕು, ‘ಕಜ್ಜಿ ಬಂದಿದೆ, ಮಕ್ಕಳಿಗೂ ಅಂಟುತ್ತದೆ’ ಎಂಬ ಗುಲ್ಲು ಏಳುತ್ತದೆ. ಅದನ್ನು ಗೋಣಿಯಲ್ಲಿ ತುಂಬಿಸಿ ಮೀನು ಮಾರ್ಕೆಟಿನ ಬಳಿ ಬಿಟ್ಟು ಬರುವವರಿದ್ದಾರೆ. ಊರಿನಲ್ಲಾದರೆ ಅಂಗಳ, ಹಟ್ಟಿ, ಅಟ್ಟ ಎಂದು ಬೆಕ್ಕು ಹೇಗೋ ಬದುಕಿಕೊಳ್ಳುತ್ತದೆ. ಫ್ಲ್ಯಾಟಿನೊಳಗೆ ಬೆಳೆದ ಬೆಕ್ಕಿಗೆ ಬೀದಿ ಗೊತ್ತಿಲ್ಲ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹೀಗೆ ಹಸಿವಿಗೆ ತಳ್ಳುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬೆಕ್ಕಿಗೂ ಅಲರ್ಜಿ ಇದೆ, ಅದು ಯಾರಿಗೂ ಅಂಟುವುದಿಲ್ಲ. ನಮಗೆ ಶೀನು ಬಂದರೆ ಅದಕ್ಕೆ ಹೆಚ್ಚಾಗಿ ತುರಿಕೆ. ಕತ್ತು, ಕಿವಿಯ ಸುತ್ತ ಕೆರೆದು ಗಾಯ, ಬೆನ್ನಿನ ಮೇಲೆ ರಾಗಿ ಕಾಳಿನಂಥ ಹುರುಪೆ, ನೆಕ್ಕಿ ನೆಕ್ಕಿ ಬೋಳಾದ ಹೊಟ್ಟೆ. ದೊಡ್ಡ ಕಾರಣ ಚಿಗಟದ ಜೊಲ್ಲು. ‘ನಮ್ಮದು ನಾಲ್ಕನೇ ಮಾಳಿಗೆ, ಚಿಗಟ ಎಲ್ಲಿಂದ?’ ಎನ್ನುವವರು ಬೆಕ್ಕನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲಿಟ್ಟು ನೋಡಲಿ. ಕೆಂಪು ಮಿಶ್ರಿತ ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಬೆಕ್ಕು ಚಿಗಟವನ್ನು ನೆಕ್ಕಿ ನುಂಗಿಬಿಡುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಧೂಳಿನ ನುಸಿ, ಮಳೆಗಾಲದ ಬೂಷ್ಟು, ನಿತ್ಯ ತಿನ್ನುವ ಮೀನು, ಕೋಳಿಯೂ ಕಾರಣವಾಗಬಹುದು. ಆಹಾರದ ಅಲರ್ಜಿಯನ್ನು ಕಂಡುಹಿಡಿಯಲು ವೈದ್ಯರು ಹೇಳಿದ ಆಹಾರವನ್ನಷ್ಟೇ ಸುಮಾರು 8 ವಾರ ಕೊಡಬೇಕು. ನಡುವೆ ಅಜ್ಜಿ ಮೇಜಿನ ಕೆಳಗೆ ಒಂದು ತುಂಡು ಬಂಗುಡೆ ಹಾಕಿದರೆ ಪಥ್ಯವೆಲ್ಲ ನೀರುಪಾಲು!

ನನಗೆ ಹೆಚ್ಚು ಭಯ ನಮ್ಮವರ ಸ್ವಂತ ವೈದ್ಯದ್ದು. ನಾಯಿಗೆಂದು ಮಾಡಿದ, ಪರ್ಮೆತ್ರಿನ್ ಇರುವ ಚಿಗಟದ ಮದ್ದು ಬೆಕ್ಕಿನ ಜೀವ ತೆಗೆಯಬಲ್ಲದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಅದಕ್ಕೆ ವಿಷ. ಇನ್ನು ಗಜಕರ್ಣವೂ ನೋಡಲು ಹೀಗೆಯೇ ಇರುತ್ತದೆ, ಅದು ಮಾತ್ರ ಮಕ್ಕಳಿಗೆ ಅಂಟುತ್ತದೆ. ಯಾವುದು ಯಾವುದೆಂದು ಪಶುವೈದ್ಯರೇ ಹೇಳಬೇಕು, ಕಟ್ಟಡದ ಕಾರ್ಯದರ್ಶಿಯಲ್ಲ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಬಡಾವಣೆಗಳಲ್ಲಿ ಖಾಸಗಿ ವೈದ್ಯರೂ ಇದ್ದಾರೆ.

ನಮ್ಮ ಕನ್ನಡ ಸಂಘಗಳು ವೈದ್ಯಕೀಯ ಶಿಬಿರ ನಡೆಸುತ್ತವೆ. ಕಣ್ಣು, ಹಲ್ಲು ಪರೀಕ್ಷೆಯ ಮೇಜಿನ ಪಕ್ಕ ಪಶುವೈದ್ಯರೊಬ್ಬರಿಗೂ ಕುರ್ಚಿ ಹಾಕಿ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡಿಸಿದರೆ ಖರ್ಚೇನೂ ದೊಡ್ಡದಲ್ಲ. ಬೆಕ್ಕುಗಳನ್ನು ಅಲ್ಲಿಗೆ ತರುವುದೂ ಬೇಡ. ಮಳೆಗಾಲಕ್ಕೆ ಮುಂಚಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪದಾಧಿಕಾರಿಗಳು ಇದನ್ನು ಪರಿಶೀಲಿಸಬೇಕೆಂದು ವಿನಂತಿ.