ಹಗುರ ದೋಣಿ ಮಾಡ್ಕೊಳ್ರಿ, ಆದ್ರೆ ಬಾತು ಹೊಡೆಯೋಕಲ್ಲ

ಹೋದ ವಾರ ಹಾಕಿದ ದೋಣಿ ಫೋಟೋ ನೋಡಿ ಭಾಳ ಮಂದಿ ಫೋನ್ ಮಾಡಿದ್ರಿ. ಅರ್ಧ ಮಂದಿ ಕೇಳಿದ್ದು ಹೆಂಗ್ ಮಾಡಿದ್ರಿ ಅಂತ. ಉಳಿದವರು, ಅದ್ರಾಗೂ ಹುಡುಗ್ರು, ಕೇಳಿದ್ದು, "ಕಾಕಾ, ಬಾತು ಹೊಡೆಯೋಕೆ ಎರಡು ದಿನ ಕೊಡ್ತೀರಾ?" ಅಂತ. ಎರಡಕ್ಕೂ ಇಲ್ಲೇ ಉತ್ತರ ಬರೀತೀನಿ.

ಮೊದಲು, ದೋಣಿ ಯಾಕೆ ಅಂತ. ತುಂಗಭದ್ರಾ ಹಿನ್ನೀರು ಇಳಿದಂಗೆಲ್ಲ ನಾವು ಪೈಪು ಮುಂದೆ ಮುಂದೆ ಎಳೀತೀವಿ. ಫುಟ್‌ವಾಲ್ವಿಗೆ ಜೊಂಡು, ಪಾಚಿ ಕಟ್ಟಿದ್ರೆ ಒಳಗೆ ಇಳಿಯಲೇಬೇಕು. ಹೋದ ವರ್ಷ ನಾನು ಥರ್ಮಾಕೋಲಿಗೆ ತಾಡಪಾಲು ಸುತ್ತಿ, ಅದ್ರ ಮ್ಯಾಲೆ ಕೂತು ಹೋಗಿದ್ದೆ. ವಾಲ್ವ್ ಎತ್ತೋಕೆ ಬಗ್ಗಿದ್ದೇ ತಡ, ಮಗುಚಿ ಬಿತ್ತು. ನೀರು ಎದೆಮಟ್ಟ ಮಾತ್ರ, ನನಗೆ ಈಜೂ ಬರ್ತದೆ. ಆದ್ರೆ ಕಾಲು ಮೊಣಕಾಲಿನ ತನಕ ಕೆಸರಾಗೆ ಹೂತು, ಮ್ಯಾಲೆ ಜೊಂಡು ಸುತ್ಕೊಂಡ್ರೆ ಈಜು ಏನು ಮಾಡ್ತದೆ? ದಂಡೆ ಮ್ಯಾಲೆ ಮಗ ಇದ್ದ, ಹಗ್ಗ ಎಸೆದ, ಉಳಿದೆ. ಒಬ್ಬನೇ ಹೋಗಿದ್ರೆ ಈ ಬರಹ ಬರೆಯೋಕೆ ನಾನು ಇರ್ತಿರಲಿಲ್ಲ.

ಹರಿಗೋಲು ಇದೆಯಲ್ಲ ಅಂತ ಕೇಳಬಹುದು. ಅದಕ್ಕೆ ನನ್ನ ಗೌರವ ಐತಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದೇ ಹೊಳೆ ದಾಟಿಸೋ, ತೊಗಲು ಹೊದಿಸಿದ ಬುಟ್ಟಿ ದೋಣಿಯಲ್ಲಿ ಹದಿನೈದು ಇಪ್ಪತ್ತು ಜನ ಹೋಗ್ತಿದ್ರು ಅಂತ ಬರೆದಿದ್ದಾನೆ. ಬಯಲು ನೀರಿಗೆ ಇವತ್ತಿಗೂ ಅದೇ ಸರಿ. ಆದ್ರೆ ಜೊಂಡಿನೊಳಗೆ ಅದು ನುಗ್ಗಲ್ಲ, ಗಿರಗಿರ ತಿರುಗ್ತದೆ. ನಮಗೆ ಬೇಕಾದ್ದು ಚಪ್ಪಟೆ ತಳದ, ಒಬ್ಬನೇ ಹೊತ್ಕೊಂಡು ಹೋಗೋ ದೋಣಿ.

ನಾನು ಮಾಡಿದ್ದು ಹಿಂಗೆ. 8 ಅಡಿ x 4 ಅಡಿಯ 6 ಮಿ.ಮೀ. ಪ್ಲೈವುಡ್ ಎರಡು ಹಾಳೆ. ಅಂಗಡಿಯಲ್ಲಿ ಐಎಸ್ 710 ಮುದ್ರೆ ನೋಡೇ ತಗೊಳ್ರಿ, ಅದು ಮರೀನ್ ಪ್ಲೈ. ಐಎಸ್ 303 ಅನ್ನೋದು ಮನೆ ಕೆಲಸದ್ದು, ನೀರಾಗೆ ಪದರ ಬಿಡ್ತದೆ. ತಳ 7 ಅಡಿ ಉದ್ದ, ಎರಡೂವರೆ ಅಡಿ ಅಗಲ. ಪಕ್ಕದ ಗೋಡೆ 14 ಇಂಚು. ಅಂಚಿಗೆ ಗೇಣಿಗೊಂದು ಸಣ್ಣ ತೂತು ಹೊಡೆದು ತಾಮ್ರದ ತಂತಿಯಿಂದ ಹೊಲಿದೆ. ಸಂದಿಗೆ ಎಪಾಕ್ಸಿಯಲ್ಲಿ ನುಣುಪಾದ ಮರದ ಪುಡಿ ಕಲಸಿ ತುಂಬಿ, ಒಣಗಿದ ಮ್ಯಾಲೆ ತಂತಿ ಕಿತ್ತು, ಒಳಗೂ ಹೊರಗೂ ಫೈಬರ್ ಪಟ್ಟಿ ಅಂಟಿಸಿದೆ. ಕೊನೆಗೆ ಬಣ್ಣ. ಒಟ್ಟು ತೂಕ 30 ಕೆಜಿ ಒಳಗೆ.

ಲೆಕ್ಕ ಸುಲಭ. ಒಂದು ಲೀಟರ್ ನೀರು ಪಕ್ಕಕ್ಕೆ ಸರಿದ್ರೆ ಒಂದು ಕೆಜಿ ತೇಲ್ತದೆ. ದೋಣಿ 30, ನಾನು 70, ಸಾಮಾನು 40, ಒಟ್ಟು 140 ಕೆಜಿ. ಈ ಅಳತೆ ತಳಕ್ಕೆ ಅದು ಮೂರೂವರೆ ಇಂಚು ಮುಳುಗ್ತದೆ ಅಷ್ಟೇ. ಮೊಣಕಾಲುದ್ದ ನೀರಿಗೂ ಹೋಗಬಹುದು. ಅಗಲ ಮಾತ್ರ ಕಮ್ಮಿ ಮಾಡಬ್ಯಾಡ್ರಿ, ಮಗುಚೋದು ಅಲ್ಲೇ. ಮುಂದೆ ಹಿಂದೆ ಮುಚ್ಚಳ ಬಿಗಿದ 20 ಲೀಟರ್ ಖಾಲಿ ಕ್ಯಾನ್ ಎರಡೆರಡು ಕಟ್ರಿ. ನೀರು ತುಂಬಿದ್ರೂ ದೋಣಿ ತೇಲ್ತದೆ, ಹಿಡ್ಕೊಂಡು ನಿಲ್ಲಬಹುದು. ಬಿದಿರ ಕೋಲಿನ ತುದಿಗೆ ಅಂಗೈಯಗಲ ಹಲಗೆ ಹೊಡೆದ್ರೆ ಕೆಸರಾಗೆ ಹೂಳಲ್ಲ, ಬಾತಿನ ಪಾದ ಇದ್ದಂಗೆ. ಲೈಫ್ ಜಾಕೆಟ್ ಇಲ್ದೆ, ದಂಡೆ ಮ್ಯಾಲೆ ಒಬ್ಬರಿಲ್ದೆ ಇಳಿಯಬ್ಯಾಡ್ರಿ.

ಈಗ ಬಾತಿನ ಮಾತು. ಹೊರದೇಶದಾಗೆ ಇಂಥ ದೋಣಿಯನ್ನೇ ಬಾತು ಬೇಟೆಗೆ ಕಟ್ತಾರೆ, ಅಲ್ಲಿ ಅದಕ್ಕೆ ಲೈಸೆನ್ಸ್ ಕೊಡ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಜೈಲಿಗೆ ಹೋಗೋ ಕೆಲಸ. ಬಾತು ಸಸಿಮಡಿಗೆ ಇಳೀತವೆ, ನಷ್ಟ ಆಗ್ತದೆ, ನನಗೂ ಆಗೈತಿ. ಸಂಜೆ ಹೊತ್ತು ಮಡಿ ಹತ್ರ ಒಬ್ಬರು ನಿಂತು ತಟ್ಟೆ ಬಡಿದ್ರೆ, ಹೊಳೆಯೋ ಪಟ್ಟಿ ಕಟ್ಟಿದ್ರೆ ಬಹಳಷ್ಟು ತಪ್ತದೆ. ವಲಸೆ ಬಂದವು ಬೇಸಿಗೆ ಹೊತ್ತಿಗೆ ಹೋಗೇ ಹೋಗ್ತವೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ನಮ್ಮ ಕಡೆ ಬರ್ತದೆ. ಅಷ್ಟು ದೂರ ಬಂದ ಅತಿಥಿಗೆ ಗುಂಡು ಹೊಡೆಯೋದು ಯಾವ ಗಂಡಸ್ತನ?

ಪಕ್ಕದ ಅಂಕಸಮುದ್ರ ನೋಡ್ರಿ. ಊರ ಕೆರೆಯ ಜಾಲಿ ಗಿಡದಾಗೆ ಹಕ್ಕಿ ಗೂಡು ಕಟ್ಟಿದ್ವು, ಊರವರು ಕಾಯ್ದರು. 2024ರಲ್ಲಿ ಅದು ಗದಗ ಜಿಲ್ಲೆಯ ಮಾಗಡಿ ಕೆರೆ ಜೊತೆ ರಾಮ್ಸಾರ್ ಪಟ್ಟಿ ಸೇರ್ತು. ಆ ಹೆಸರು ಬಂದೂಕಿನಿಂದ ಬಂದಿದ್ದಲ್ಲ.

ಅದಕ್ಕೆ ಹುಡುಗ್ರಾ, ದೋಣಿ ಅಳತೆ ಕೇಳ್ರಿ, ಕೂಡ್ಸಿ ತೋರಿಸ್ತೀನಿ. ಪೈಪು ಎಳೆಯೋಕೆ, ಜೊಂಡು ಕೊಯ್ಯೋಕೆ ಬೇಕಂದ್ರೆ ದೋಣಿನೂ ಕೊಡ್ತೀನಿ, ಬಾಡಿಗೆ ಬ್ಯಾಡ. ಬಾತಿಗೆ ಅಂದ್ರೆ ಮಾತ್ರ ಅಣ್ಣನ ಮಗ ಕೇಳಿದ್ರೂ ಇಲ್ಲ.